ಕಾಂಬೊ ಬಿಡಿಸಿ ನೋಡಿ: ‘ಉಚಿತ’ ಬಾಚಣಿಗೆಗೆ ನೀವು ಕೊಟ್ಟದ್ದೆಷ್ಟು?

ಪ್ರಶ್ನೆ: ಹೆಸರಾಂತ ಕಂಪನಿಯೊಂದರ ತಲೆಗೆ ಹಚ್ಚುವ ಎಣ್ಣೆಯ ‘ಎರಡು ಬಾಟಲಿ + ಬಾಚಣಿಗೆ ಉಚಿತ’ ಕಾಂಬೊವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಪುಟದಲ್ಲಿ ಎಂಆರ್‌ಪಿ 799 ರೂಪಾಯಿ, ಶೇ 31 ರಿಯಾಯಿತಿ, ಬೆಲೆ 549 ಎಂದಿತ್ತು. ಪಾರ್ಸೆಲ್ ಬಿಚ್ಚಿ ನೋಡಿದರೆ ಒಂದೊಂದು ಬಾಟಲಿಯ ಮೇಲೂ ಎಂಆರ್‌ಪಿ 230 ಎಂದು ಅಚ್ಚಾಗಿದೆ. ಬಾಚಣಿಗೆಗೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಮಾರಾಟಗಾರರನ್ನು ಕೇಳಿದರೆ ‘ಇದು ಕಾಂಬೊ, ಇದರ ಎಂಆರ್‌ಪಿಯೇ ಬೇರೆ’ ಎನ್ನುತ್ತಾರೆ. ಹೀಗೆ ಮಾರಬಹುದೇ? ದುಡ್ಡು ವಾಪಸ್ ಪಡೆಯುವುದು ಹೇಗೆ? ಬೇಸಿಗೆಗೆ ಮುಂಚೆ ಇನ್ವರ್ಟರ್–ಬ್ಯಾಟರಿ ಕಾಂಬೊ ತರಿಸುವ ಯೋಚನೆಯೂ ಇದೆ. ಅದರಲ್ಲಿ ಏನೇನು ನೋಡಿಕೊಳ್ಳಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಲೆಕ್ಕ ಹಾಕಿಬಿಡೋಣ. 230ರ ಎರಡು ಬಾಟಲಿಗೆ 460. ನೀವು ಕೊಟ್ಟದ್ದು 549. ಅಂದರೆ ‘ಉಚಿತ’ ಬಾಚಣಿಗೆಗೆ 89 ರೂಪಾಯಿ ಹೋಗಿದೆ. ಪುಟದಲ್ಲಿ ತೋರಿಸಿದ 799ನ್ನು ನಂಬುವುದಾದರೆ ಆ ಬಾಚಣಿಗೆಯ ಎಂಆರ್‌ಪಿ 339 ಆಗಬೇಕು! ಶೇ 31 ರಿಯಾಯಿತಿ ಹುಟ್ಟಿದ್ದು ಹೀಗೆ. ಬಾಟಲಿಯ ಬೆಲೆಯಲ್ಲಿ ಒಂದು ಪೈಸೆಯೂ ಇಳಿದಿಲ್ಲ. ಹೆಸರಿಲ್ಲದ ಬಾಚಣಿಗೆಗೆ ಮನಸ್ಸಿಗೆ ಬಂದ ಬೆಲೆ ಕಟ್ಟಿ, ಅದನ್ನೇ ಕಡಿತ ಮಾಡಿ ತೋರಿಸಿದ್ದಾರೆ.

ಇಷ್ಟು ಕಷ್ಟಪಟ್ಟು ಬಾಚಣಿಗೆ ಅಂಟಿಸುವುದೇಕೆ ಎಂದು ಕೇಳಬಹುದು. ಬಾಚಣಿಗೆ ಮಾರುವುದು ಅವರ ಉದ್ದೇಶವಲ್ಲ, ಬೇರೆಯವರ ಬೆಲೆಯ ಜೊತೆ ಹೋಲಿಕೆಯಾಗುವುದನ್ನು ತಪ್ಪಿಸಿಕೊಳ್ಳುವುದು ಉದ್ದೇಶ. ದೊಡ್ಡ ಮಾರುಕಟ್ಟೆ ತಾಣಗಳಲ್ಲಿ, ಅದರಲ್ಲೂ ಅಮೆಜಾನ್‌ನಂಥ ಕಡೆ, ಒಂದು ಬಾರ್‌ಕೋಡಿನ ಒಂದು ವಸ್ತುವಿಗೆ ಒಂದೇ ಪುಟ. ಅದೇ ಎಣ್ಣೆಯನ್ನು ಇಪ್ಪತ್ತು ಜನ ಮಾರುತ್ತಿದ್ದರೂ ಎಲ್ಲರೂ ಅದೇ ಪುಟದಲ್ಲಿ ಸಾಲು ನಿಲ್ಲಬೇಕು. ನೀವು ‘ಈಗಲೇ ಖರೀದಿಸಿ’ ಒತ್ತಿದಾಗ ಆರ್ಡರ್ ಯಾರಿಗೆ ಹೋಗಬೇಕೆಂದು ತಾಣ ಆರಿಸುತ್ತದೆ. ಸೆಲ್ಲರ್‌ಗಳು ಇದನ್ನು ಬೈ ಬಾಕ್ಸ್ ಎನ್ನುತ್ತಾರೆ. ಬೆಲೆ, ತಲುಪಿಸುವ ವೇಗ, ಮಾರಾಟಗಾರನ ಇತಿಹಾಸ ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಎಲ್ಲರೂ ರೂಪಾಯಿ ಎರಡು ರೂಪಾಯಿ ಇಳಿಸುತ್ತ ಹೋಗುತ್ತಾರೆ, ಲಾಭ ಕರಗುತ್ತದೆ. ಆದರೆ ಅದೇ ಎಣ್ಣೆಗೆ ಒಂದು ಬಾಚಣಿಗೆ ಸೇರಿಸಿದರೆ? ಅದು ‘ಹೊಸ ವಸ್ತು’. ಅದಕ್ಕೆ ಹೊಸ ಪುಟ. ಆ ಪುಟದಲ್ಲಿ ಇನ್ನೊಬ್ಬ ಸೆಲ್ಲರ್ ಇರುವುದಿಲ್ಲ, ಹೋಲಿಸಲು ಇನ್ನೊಂದು ಬೆಲೆಯೂ ಕಾಣುವುದಿಲ್ಲ. ಆದರೆ ಎಣ್ಣೆಯ ಹೆಸರು ಹುಡುಕಿದವರಿಗೆ ಆ ಪುಟವೂ ಕಾಣಿಸಿಕೊಳ್ಳುತ್ತದೆ. ಕೀಚೈನ್, ಒರೆಸುವ ಬಟ್ಟೆ, ಪೆನ್ನು, ಸ್ಟಿಕ್ಕರ್, ಅಳತೆ ಚಮಚ ಎಲ್ಲವೂ ಇದೇ ಕೆಲಸಕ್ಕೆ ಬಳಕೆಯಾಗುತ್ತವೆ.

ಎಲ್ಲ ಕಾಂಬೊಗಳೂ ಮೋಸವಲ್ಲ ಎಂಬುದನ್ನೂ ಹೇಳಲೇಬೇಕು. 60 ರೂಪಾಯಿಯ ಸೋಪನ್ನು ಒಂದೊಂದಾಗಿ ಕಳಿಸಿದರೆ ಕಮಿಷನ್, ಪ್ಯಾಕಿಂಗ್, ಸಾಗಣೆ ಸೇರಿ ಸೋಪಿನ ಬೆಲೆಯನ್ನೇ ಮೀರುತ್ತದೆ. ನಾಲ್ಕರ ಪ್ಯಾಕ್ ಮಾಡಿದರೆ ಮಾತ್ರ ವ್ಯಾಪಾರ ಗಿಟ್ಟುತ್ತದೆ. ಅದು ನ್ಯಾಯವಾದ ಕಾರಣವೇ. ಕಂಪನಿಯೇ ಕಟ್ಟಿ ಕಳಿಸುವ ಬ್ರಷ್–ಪೇಸ್ಟ್ ಜೋಡಿಯ ಬಗ್ಗೆಯೂ ತಕರಾರಿಲ್ಲ. ಬಿಡಿಬಿಡಿಯಾಗಿ ಕೊಂಡರೆ ಆಗುವ ಮೊತ್ತಕ್ಕಿಂತ ಕಾಂಬೊ ದುಬಾರಿಯಾದಾಗ, ಅಥವಾ ಬೇಡದ ವಸ್ತು ಬೇಕಾದ ವಸ್ತುವಿನ ಬೆಲೆಯನ್ನು ಮರೆಮಾಚಿದಾಗ ಮಾತ್ರ ಅನುಮಾನಪಡಬೇಕು.

ಈಗ ‘ಇದರ ಎಂಆರ್‌ಪಿಯೇ ಬೇರೆ’ ಎಂಬ ವಾದಕ್ಕೆ ಬರೋಣ. ಅದು ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ಅಲ್ಲಿಗೆ ಸುಮ್ಮನಾಗುತ್ತಾರೆ. 2011ರ ಕಾನೂನು ಮಾಪನಶಾಸ್ತ್ರ (ಅಂದರೆ ತೂಕ–ಅಳತೆ) ಪೊಟ್ಟಣ ಸರಕು ನಿಯಮಗಳಲ್ಲಿ ಒಟ್ಟುಗೂಡಿಸಿದ ಪೊಟ್ಟಣಗಳಿಗೆ ಪ್ರತ್ಯೇಕ ವ್ಯಾಖ್ಯೆಗಳೇ ಇವೆ. ಒಂದೇ ಸರಕಿನ, ಒಂದೇ ಪ್ರಮಾಣದ ಹಲವು ತುಂಡುಗಳಿರುವ ಪೊಟ್ಟಣ ಒಂದು ಬಗೆ. ಒಂದೇ ತರಹದ್ದಾದರೂ ಗಾತ್ರ ಬೇರೆಯಿರಬಹುದಾದ ಗುಂಪು ಪೊಟ್ಟಣ ಇನ್ನೊಂದು. ನಿಮ್ಮ ಎಣ್ಣೆ–ಬಾಚಣಿಗೆಯಂತೆ ಬೇರೆಬೇರೆ ಸರಕುಗಳ ಸಂಯೋಜಿತ ಪೊಟ್ಟಣ ಮೂರನೆಯದು. ಹೀಗೆ ಕಟ್ಟಿ ಮಾರುವುದಕ್ಕೆ ಅಡ್ಡಿಯಿಲ್ಲ. ಆದರೆ ಕಟ್ಟಿದವನು ಆ ಕ್ಷಣದಿಂದ ‘ಪ್ಯಾಕರ್’. ಪ್ಯಾಕರ್ ಆದಮೇಲೆ ನೋಂದಣಿ ಮಾಡಿಸಬೇಕು, ಹೊರಪೊಟ್ಟಣದ ಮೇಲೆ ತನ್ನ ಹೆಸರು–ವಿಳಾಸ, ಒಳಗಿರುವ ಪ್ರತಿಯೊಂದು ವಸ್ತುವಿನ ಹೆಸರು ಮತ್ತು ಸಂಖ್ಯೆ ಅಥವಾ ಪ್ರಮಾಣ, ತಿಂಗಳು–ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರು ದೂರು ಹೇಳಬಹುದಾದ ಫೋನ್ ಅಥವಾ ಮಿಂಚಂಚೆ ಇಷ್ಟನ್ನೂ ಮುದ್ರಿಸಬೇಕು.

ನಿಮಗೆ ಬಂದ ಪಾರ್ಸೆಲ್ಲಿನ ಹೊರಗೆ ಸಾಗಣೆ ಚೀಟಿ ಬಿಟ್ಟು ಇಂಥ ಲೇಬಲ್ ಇದೆಯೇ ನೋಡಿ. ಬಹುತೇಕ ಇರುವುದಿಲ್ಲ. ಎರಡು ಬಾಟಲಿಗೆ ಪ್ಲಾಸ್ಟಿಕ್ ಸುತ್ತಿ, ಬಾಚಣಿಗೆ ಒಳಗೆ ತುರುಕಿರುತ್ತಾರೆ. ಲೇಬಲ್ಲೇ ಇಲ್ಲದ ಮೇಲೆ 799 ಎಂಬುದು ಎಂಆರ್‌ಪಿ ಅಲ್ಲ, ಪುಟದಲ್ಲಿ ಯಾರೋ ಟೈಪ್ ಮಾಡಿದ ಒಂದು ಅಂಕಿ ಅಷ್ಟೇ. ನಿಮ್ಮ ಕೈಯಲ್ಲಿರುವುದು 230 ಎಂದು ಅಚ್ಚಾದ ಎರಡು ಬಾಟಲಿ. ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರಬಾರದು ಎಂದು ಅದೇ ನಿಯಮಗಳ 18ನೇ ನಿಯಮ ಹೇಳುತ್ತದೆ.

ಮಾರಾಟಗಾರ ಇಲ್ಲಿ ಎರಡು ಮಾತಲ್ಲಿ ಒಂದನ್ನು ಹೇಳಬೇಕಾಗುತ್ತದೆ. ಬಾಚಣಿಗೆ ನಿಜಕ್ಕೂ ಉಚಿತ ಎಂದರೆ, 460ರ ಎಣ್ಣೆಗೆ 549 ತೆಗೆದುಕೊಂಡಿದ್ದಾನೆ, ಅದು ಎಂಆರ್‌ಪಿ ಮೀರಿದ ಮಾರಾಟ. ಬಾಚಣಿಗೆಗೆ 89 ಹಾಕಿದ್ದೇನೆ ಎಂದರೆ ‘ಉಚಿತ’ ಎಂದು ಬರೆದದ್ದು ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಸೆಕ್ಷನ್‌ನಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಿದೆ. ಪಡೆದ ಹಣದಲ್ಲೇ ಪೂರ್ತಿಯಾಗಿಯೋ ಭಾಗಶಃವೋ ಬೆಲೆ ಸೇರಿರುವ ವಸ್ತುವನ್ನು ಪುಕ್ಕಟೆ ಕೊಡುತ್ತಿದ್ದೇವೆಂಬ ಭಾವನೆ ಹುಟ್ಟಿಸುವುದು ಅದರಲ್ಲಿ ಸೇರಿದೆ. ತಪ್ಪು ಹಾದಿಗೆಳೆಯುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಜೂನ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ನೇರವಾಗಿದೆ: ಪ್ಯಾಕೇಜಿನ ಬೆಲೆಯಲ್ಲಿ ಸೇರಿರುವ ಯಾವುದೇ ಅಂಶವನ್ನು ‘ಉಚಿತ’ ಎನ್ನುವಂತಿಲ್ಲ. ತೆರಿಗೆ ಇಲಾಖೆಯ ನಿಲುವೂ ಇದಕ್ಕೆ ಹೊಂದುತ್ತದೆ. ಮಾರ್ಚ್ 2019ರ ಜಿಎಸ್‌ಟಿ ಸುತ್ತೋಲೆಯೊಂದು ‘ಒಂದು ಕೊಂಡರೆ ಒಂದು ಉಚಿತ’ ಎಂಬುದರಲ್ಲಿ ಉಚಿತವೇನೂ ಇಲ್ಲ, ಎರಡು ಸರಕನ್ನು ಒಂದೇ ಬೆಲೆಗೆ ಕೊಡುವುದು ಎಂದು ವಿವರಿಸಿದೆ.

ತಪ್ಪಿಸಿಕೊಳ್ಳಲು ಅವರಿಗೆ ಒಂದು ದಾರಿಯಿದೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಮನೆಗೆ ತಂದುಕೊಡುವ ಖರ್ಚು ಸೇರಿರಬೇಕಿಲ್ಲ. 89 ಅಂದರೆ ಡೆಲಿವರಿ ಎಂದು ಅವರು ಹೇಳಬಹುದು. ಅದಕ್ಕೇ ಬಿಲ್ ಮುಖ್ಯ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸುವುದರ ಜೊತೆಗೆ ಸಾಗಣೆ, ನಿರ್ವಹಣೆ, ತೆರಿಗೆ ಎಂದು ವಿಂಗಡಣೆಯನ್ನೂ ಕೊಡಬೇಕು. ಬಿಲ್ಲಿನಲ್ಲಿ ಡೆಲಿವರಿ ಸಾಲು ಇಲ್ಲದಿದ್ದರೆ, ಅಥವಾ ‘ಡೆಲಿವರಿ 0’ ಎಂದಿದ್ದರೆ ಆ ವಾದವೂ ನಿಲ್ಲುವುದಿಲ್ಲ.

ಎಂಆರ್‌ಪಿ ಇರುವ ಜಾಗದಲ್ಲಿ ಬಿಳಿ ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನು ಕೀಳುವ ಮೊದಲು ಫೋಟೊ ತೆಗೆಯಿರಿ. ಅಚ್ಚಾದ ಬೆಲೆಯನ್ನು ಅಳಿಸುವುದು, ಮುಚ್ಚುವುದು, ತಿದ್ದುವುದು ತಪ್ಪು. ಬೆಲೆ ಇಳಿಸಲು ಸ್ಟಿಕ್ಕರ್ ಹಾಕಲು ಅವಕಾಶವಿದೆ, ಆದರೆ ಅದು ಹಳೆಯ ಬೆಲೆಯನ್ನು ಮರೆಮಾಡಬಾರದು. ಏರಿಸಲು ಹಾಕುವಂತಿಲ್ಲ.

ದುಡ್ಡು ವಾಪಸ್ ಪಡೆಯುವುದು ಹೀಗೆ. ಬಾಟಲಿಯ ಸೀಲ್ ಒಡೆಯಬೇಡಿ. ಸಾಗಣೆ ಚೀಟಿ, ಸುತ್ತಿದ ಪ್ಲಾಸ್ಟಿಕ್, ಎರಡೂ ಬಾಟಲಿಯ ಎಂಆರ್‌ಪಿ ಹಾಗೂ ತಯಾರಾದ ತಿಂಗಳು, ಲೇಬಲ್ಲಿಲ್ಲದ ಬಾಚಣಿಗೆ, ಇಷ್ಟರದ್ದೂ ಸ್ಪಷ್ಟ ಫೋಟೊ ಇರಲಿ. ಆರ್ಡರ್ ಪುಟದ ಜೊತೆ ಮಾರಾಟದ ಪುಟದ ಸ್ಕ್ರೀನ್‌ಶಾಟನ್ನೂ ತೆಗೆಯಿರಿ, ಏಕೆಂದರೆ ದೂರು ಹೋದೊಡನೆ ಪುಟದ ಮಾತುಗಳು ಬದಲಾಗುವುದುಂಟು. ‘ಉಚಿತ’ ಎಂಬ ಪದ, 799, 549, ಮಾರಾಟಗಾರನ ಹೆಸರು ಒಂದೇ ಚಿತ್ರದಲ್ಲಿ ಬಂದರೆ ಒಳ್ಳೆಯದು. ಮಾರಾಟಗಾರನ ಹೆಸರಿನ ಮೇಲೆ ಒತ್ತಿದರೆ ವ್ಯವಹಾರದ ಹೆಸರು, ವಿಳಾಸ ಸಿಗುತ್ತದೆ, ತಾಣ ಅದನ್ನು ತೋರಿಸಲೇಬೇಕು. ಬಿಲ್ ಇಳಿಸಿಕೊಂಡು ಅದರ ಮೇಲಿನ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆ ಗುರುತು ಮಾಡಿಕೊಳ್ಳಿ. ಮೊದಲ ಎರಡಂಕಿ 29 ಇದ್ದರೆ ಅದು ಕರ್ನಾಟಕದ ನೋಂದಣಿ.

ರಿಟರ್ನ್ ಹಾಕುವಾಗ ಕಾರಣದ ಪಟ್ಟಿಯಲ್ಲಿ ‘ಬೇಡವಾಯಿತು’, ‘ಕಡಿಮೆ ಬೆಲೆಗೆ ಬೇರೆಡೆ ಸಿಕ್ಕಿತು’ ಎಂಬುದನ್ನು ಆರಿಸಬೇಡಿ. ಎಷ್ಟೋ ಸರಕುಗಳಿಗೆ, ವಿಶೇಷವಾಗಿ ಸೌಂದರ್ಯವರ್ಧಕ ಮತ್ತು ದಿನಸಿಗೆ, ಆ ಕಾರಣಕ್ಕೆ ರಿಟರ್ನ್ ಇರುವುದಿಲ್ಲ. ‘ವಿವರಣೆಗೆ ಹೊಂದುವುದಿಲ್ಲ’ ಎಂಬುದೇ ನಿಮ್ಮ ಕಾರಣ. ವಿವರಣೆಗೆ ಹೊಂದದ ಸರಕನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು ಇ–ಕಾಮರ್ಸ್ ನಿಯಮವೇ ಹೇಳಿರುವಾಗ ‘ನಾನ್ ರಿಟರ್ನೆಬಲ್’ ಎಂಬ ಚೀಟಿ ಆ ಹೊಣೆಯನ್ನು ಅಳಿಸುವುದಿಲ್ಲ. ಮೂರೂ ವಸ್ತುಗಳನ್ನು ಒಟ್ಟಿಗೆ ಕೊಟ್ಟು ಕಳಿಸಿ. ಬಾಚಣಿಗೆ ಮನೆಯಲ್ಲಿ ಉಳಿದರೆ ‘ಅಪೂರ್ಣ ರಿಟರ್ನ್’ ಎಂದು ಹಣ ತಡೆಹಿಡಿಯುತ್ತಾರೆ.

ಚಾಟ್‌ನಲ್ಲಿ ಕೆಲಸವಾಗದಿದ್ದರೆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ಹೆಸರು, ಸಂಪರ್ಕ ತಾಣದಲ್ಲೇ ಇರಬೇಕು, ಸಾಮಾನ್ಯವಾಗಿ ಪುಟದ ಕೆಳತುದಿಯಲ್ಲಿರುತ್ತದೆ. ದೂರು ಬಂದ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂಬ ಗಡುವು ಅವರಿಗಿದೆ. ಪತ್ರ ಉದ್ದವಾಗಬೇಕಿಲ್ಲ. ಆರ್ಡರ್ ಸಂಖ್ಯೆ ಮತ್ತು ದಿನಾಂಕ ಬರೆದು, ‘ಪುಟದಲ್ಲಿ ಉಚಿತ ಎಂದಿದೆ, ಎರಡು ಬಾಟಲಿಯ ಅಚ್ಚಾದ ಎಂಆರ್‌ಪಿ 460, ಪಡೆದದ್ದು 549, ಬಿಲ್ಲಿನಲ್ಲಿ ಡೆಲಿವರಿ ಶುಲ್ಕವಿಲ್ಲ, ಹೊರಪೊಟ್ಟಣದ ಮೇಲೆ ಪ್ಯಾಕರ್ ಲೇಬಲ್ ಇಲ್ಲ, ಪೂರ್ತಿ ಹಣ ವಾಪಸ್ ಬೇಕು’ ಎಂದರೆ ಸಾಕು. ಕೋಪದ ಮಾತಿಗಿಂತ ಈ ಐದು ಸಾಲು ಹೆಚ್ಚು ಕೆಲಸ ಮಾಡುತ್ತವೆ.

ಜೊತೆಜೊತೆಗೇ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಹೊರಡಿಸುವುದಿಲ್ಲ. ಆದರೆ ದೊಡ್ಡ ತಾಣಗಳು ಅದರ ಜೊತೆ ಕೈಜೋಡಿಸಿರುವುದರಿಂದ ಸಣ್ಣ ಮೊತ್ತದ ರೀಫಂಡ್‌ಗಳು ಹೆಚ್ಚಾಗಿ ಈ ಹಂತದಲ್ಲೇ ಇತ್ಯರ್ಥವಾಗುತ್ತವೆ. ಎಂಆರ್‌ಪಿ, ಲೇಬಲ್ ಇವುಗಳ ಉಲ್ಲಂಘನೆ ನೋಡುವವರು ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಯವರು. ಫೋಟೊ, ಬಿಲ್ ಸಮೇತ ಜಿಲ್ಲಾ ಕಚೇರಿಗೆ ಲಿಖಿತ ದೂರು ಕೊಡಿ. ಅದರಿಂದ ನಿಮ್ಮ ಕೈಗೆ ಹಣ ಬರುವುದಿಲ್ಲ, ಆದರೆ ಮಾರಾಟಗಾರನಿಗೆ ನಿಜವಾಗಿ ಬಿಸಿ ತಟ್ಟುವುದು ಅಲ್ಲೇ.

ಜಿಲ್ಲಾ ಗ್ರಾಹಕ ಆಯೋಗ ಕೊನೆಯ ಮೆಟ್ಟಿಲು. ನೀವು ವಾಸವಿರುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಹಾಕಬಹುದು, ಮಾರಾಟಗಾರ ದೆಹಲಿಯಲ್ಲಿರಲಿ ಸೂರತ್ತಿನಲ್ಲಿರಲಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. 2025ರಿಂದ ಇ–ಜಾಗೃತಿ ಪೋರ್ಟಲ್ ಮೂಲಕ ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಆದರೆ 89 ರೂಪಾಯಿಯ ವ್ಯತ್ಯಾಸಕ್ಕೆ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ರೀಫಂಡ್ ಮತ್ತು ಇಲಾಖೆಗೆ ಒಂದು ದೂರು, ಇಷ್ಟು ಸಾಕು. ಇನ್ವರ್ಟರ್‌ನಂಥ ಸಾವಿರಾರು ರೂಪಾಯಿಯ ಮಾಲಿಗೆ ಮಾತ್ರ ಈ ಮೆಟ್ಟಿಲು ನೆನಪಿರಲಿ.

ಕಾಂಬೊ ಹೆಸರಿನಲ್ಲಿ ನಡೆಯುವ ಇನ್ನೂ ಕೆಲವು ಆಟಗಳಿವೆ. ‘3ರ ಸೆಟ್’ ಎಂದಾಗ ಒಂದು ಬೆಡ್‌ಶೀಟು, ಎರಡು ದಿಂಬಿನ ಕವರು ಎಂದರ್ಥವಿರಬಹುದು. ಬೆಲೆಯನ್ನು ಮೂರರಿಂದ ಭಾಗಿಸಿದವರು ಅಗ್ಗವೆಂದು ಭಾವಿಸುತ್ತಾರೆ. ದಿನಸಿಯಲ್ಲಿ ತೂಕದ ಆಟ: 500 ಗ್ರಾಂನ ಪೊಟ್ಟಣ ಒಂದು ಪುಟದಲ್ಲಿ, 450 ಗ್ರಾಂನ ಎರಡರ ಕಾಂಬೊ ಇನ್ನೊಂದು ಪುಟದಲ್ಲಿ. ಇದಕ್ಕೆ ಮದ್ದು ಘಟಕ ಬೆಲೆ. ಒಂದು ಕಿಲೋಗಿಂತ ಕಡಿಮೆಯ ಪೊಟ್ಟಣಕ್ಕೆ ಗ್ರಾಂ ಒಂದಕ್ಕೆ ಎಷ್ಟು, ಹೆಚ್ಚಿನದಕ್ಕೆ ಕಿಲೋಗೆ ಎಷ್ಟು ಎಂದು ಈಗ ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಬರುತ್ತದೆ. ಪುಟದಲ್ಲಿ ಕಾಣದಿದ್ದರೆ ಮೊಬೈಲಿನ ಕ್ಯಾಲ್ಕುಲೇಟರ್ ಇದೆಯಲ್ಲ. ಅವಧಿ ಮುಗಿಯುತ್ತ ಬಂದ ಮಾಲನ್ನು ಹೊಸ ಮಾಲಿನ ಜೊತೆ ಕಟ್ಟಿ ಸಾಗಹಾಕುವುದು ಇನ್ನೊಂದು ಆಟ. ಪುಟದಲ್ಲಿ ಹೊಸ ಪೊಟ್ಟಣದ ಚಿತ್ರವಿರುತ್ತದೆ, ಒಳಗೆ ಮೂರರಲ್ಲಿ ಎರಡಕ್ಕೆ ಒಂದೇ ತಿಂಗಳು ಬಾಕಿಯಿರುತ್ತದೆ. ಆಹಾರ ಪದಾರ್ಥ ಗ್ರಾಹಕರನ್ನು ತಲುಪುವಾಗ ಬಾಳಿಕೆಯ ಶೇ 30 ಅಥವಾ 45 ದಿನ ಉಳಿದಿರಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಕಂಪನಿಗಳಿಗೆ ತಿಳಿಸಿದೆ, ದೂರಿನಲ್ಲಿ ಇದನ್ನು ಉಲ್ಲೇಖಿಸಬಹುದು. ‘ಮಾರಾಟಕ್ಕಲ್ಲ’ ಎಂದು ಅಚ್ಚಾದ ಸ್ಯಾಂಪಲ್ ಪುಡಿಕೆಗಳನ್ನು ಕಾಂಬೊಗೆ ಸೇರಿಸಿ ಬೆಲೆ ಕಟ್ಟುವವರೂ ಇದ್ದಾರೆ.

ಎಳೆಮಕ್ಕಳ ಹಾಲಿನ ಪುಡಿ, ಹಾಲಿನ ಬಾಟಲಿ ಇವುಗಳ ವಿಷಯ ಬೇರೆಯೇ. 1992ರ ಶಿಶು ಹಾಲು ಬದಲಿ ಕಾಯ್ದೆಯಡಿ ಇವುಗಳ ಮಾರಾಟ ಹೆಚ್ಚಿಸಲು ಉಡುಗೊರೆ, ಸ್ಯಾಂಪಲ್, ಯಾವುದೇ ಆಮಿಷ ಕೊಡುವುದೇ ನಿಷಿದ್ಧ. ‘ಹಾಲಿನ ಪುಡಿ ಜೊತೆ ಫೀಡಿಂಗ್ ಬಾಟಲಿ ಉಚಿತ’ ಎಂಬ ಕಾಂಬೊ ಕಂಡರೆ ಬೆಲೆಯ ಲೆಕ್ಕ ಹಾಕುವ ಮುನ್ನವೇ ಅದು ತಪ್ಪು.

ಪುಟದ ಕೆಳಗೆ ಕಾಣುವ ‘ಜೊತೆಯಲ್ಲಿ ಕೊಳ್ಳುವ ವಸ್ತುಗಳು’ ಎಂಬ ಸಾಲನ್ನು ಕಾಂಬೊ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಒಂದೊಂದಕ್ಕೂ ಪ್ರತ್ಯೇಕ ಬೆಲೆ, ಹೆಚ್ಚಾಗಿ ಪ್ರತ್ಯೇಕ ಸೆಲ್ಲರ್ ಮತ್ತು ಪ್ರತ್ಯೇಕ ರಿಟರ್ನ್ ಇರುತ್ತದೆ. ಅದಕ್ಕಿಂತ ಎಚ್ಚರವಿರಬೇಕಾದದ್ದು ಹಣ ಕಟ್ಟುವ ಪುಟದಲ್ಲಿ. ನೀವು ಆರಿಸದ ವಿಮೆ, ‘ಪ್ರೊಟೆಕ್ಷನ್ ಪ್ಲಾನ್’, ದೇಣಿಗೆ ತಾನಾಗಿಯೇ ಸೇರಿಕೊಂಡಿದ್ದರೆ ಅದು ಬುಟ್ಟಿಗೆ ಕದ್ದು ಹಾಕುವ ತಂತ್ರ. ಗ್ರಾಹಕರನ್ನು ದಾರಿತಪ್ಪಿಸುವ ಇಂಥ ಪುಟವಿನ್ಯಾಸಕ್ಕೆ ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ; ಅದರ ಕುರಿತ ನವೆಂಬರ್ 2023ರ ಮಾರ್ಗಸೂಚಿಯ 13 ಬಗೆಗಳಲ್ಲಿ ಇದೂ ಒಂದು. ಮೊದಲೇ ಟಿಕ್ ಹಾಕಿಟ್ಟು ಒಪ್ಪಿಗೆ ಪಡೆಯುವುದನ್ನು 2020ರ ಇ–ಕಾಮರ್ಸ್ ನಿಯಮವೇ ತಡೆದಿದೆ. ಇನ್ನು ‘ಇದು ಬೇಕಾದರೆ ಅದನ್ನೂ ಕೊಳ್ಳಲೇಬೇಕು’ ಎಂಬ ಷರತ್ತು ನಿರ್ಬಂಧಕ ವ್ಯಾಪಾರ ಪದ್ಧತಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(41)ನೇ ಸೆಕ್ಷನ್. ಯೂರಿಯಾ ಕೇಳಿದರೆ ಬೇರೆ ಗೊಬ್ಬರ ‘ಲಿಂಕ್’ ಮಾಡಿ ಕೊಡುವ ಅಂಗಡಿಗಳು ನಿಮ್ಮ ಕಡೆಯ ರೈತರಿಗೆ ಹೊಸದಲ್ಲ. ಆನ್‌ಲೈನ್‌ನಲ್ಲಿ ಅದೇ ಕೆಲಸ ಸದ್ದಿಲ್ಲದೆ ನಡೆಯುತ್ತದೆ: ಬಿಡಿ ವಸ್ತು ‘ಸ್ಟಾಕ್ ಇಲ್ಲ’, ಕಾಂಬೊ ಮಾತ್ರ ಲಭ್ಯ.

ಈಗ ಇನ್ವರ್ಟರ್. ಇಲ್ಲಿ ಕಾಂಬೊಗೆ ಅರ್ಥವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂ ಒಂದೇ ಕಂಪನಿಯದಾದರೆ ಸರ್ವಿಸ್ ಸಮಯದಲ್ಲಿ ‘ತೊಂದರೆ ಬ್ಯಾಟರಿಯದು, ಇನ್ವರ್ಟರಿನದಲ್ಲ’ ಎಂಬ ಜಗ್ಗಾಟ ತಪ್ಪುತ್ತದೆ. ಹಾಗಾಗಿ ಕಾಂಬೊ ಬೇಡ ಎನ್ನುವುದಿಲ್ಲ. ಆದರೆ ಕಾರ್ಟಿಗೆ ಹಾಕುವ ಮುನ್ನ ಅದನ್ನು ಬಿಡಿಸಿ ಬರೆಯಿರಿ: ಇನ್ವರ್ಟರಿನ ಮಾದರಿ ಸಂಖ್ಯೆ, ಬ್ಯಾಟರಿಯ ಮಾದರಿ ಸಂಖ್ಯೆ, ಟ್ರಾಲಿ, ಅಳವಡಿಕೆ. ಮಾದರಿ ಸಂಖ್ಯೆ ಕೊಡದೆ ‘150 ಎಎಚ್ ಬ್ಯಾಟರಿ ಕಾಂಬೊ’ (ಎಎಚ್ ಎಂದರೆ ಆಂಪಿಯರ್–ಗಂಟೆ, ಬ್ಯಾಟರಿಯ ಸಾಮರ್ಥ್ಯದ ಅಳತೆ) ಎಂದಷ್ಟೇ ಇದ್ದರೆ ಆ ಪುಟ ಮುಚ್ಚಿಬಿಡಿ. ಎರಡೂ ಮಾದರಿಗಳ ಬಿಡಿ ಬೆಲೆಯನ್ನು ಹುಡುಕಿ ಕೂಡಿಸಿ. ಕಾಂಬೊ ಬೆಲೆ ‘ಹಳೆ ಬ್ಯಾಟರಿ ವಿನಿಮಯದೊಂದಿಗೆ’ ಇರಬಹುದು, ಆ ಸಾಲು ಸಣ್ಣಕ್ಷರದಲ್ಲಿರುತ್ತದೆ. ನಿಮ್ಮ ಬಳಿ ಹಳೆಯದಿಲ್ಲದಿದ್ದರೆ ಡೆಲಿವರಿ ದಿನ ಬೆಲೆ ಏರುತ್ತದೆ.

ಬ್ಯಾಟರಿಯಲ್ಲಿ ಮೋಸಹೋಗುವುದು ಎಎಚ್ ಅಂಕಿಯಿಂದ. ಮನೆಬಳಕೆಯ ಬ್ಯಾಟರಿಗಳನ್ನು ಸಾಮಾನ್ಯವಾಗಿ ಸಿ20 ಲೆಕ್ಕದಲ್ಲಿ ಅಳೆಯುತ್ತಾರೆ: 150 ಎಎಚ್ ಎಂದರೆ 7.5 ಆಂಪಿಯರ್‌ನಂತೆ 20 ಗಂಟೆ. ಸೋಲಾರ್ ಬ್ಯಾಟರಿಗಳು ಹೆಚ್ಚಾಗಿ ಸಿ10, ಅಂದರೆ 10 ಗಂಟೆಯ ಲೆಕ್ಕ. ಬೇಗ ಎಳೆದಷ್ಟೂ ಬ್ಯಾಟರಿ ಕೊಡುವುದು ಕಡಿಮೆ. ಹಾಗಾಗಿ ಸಿ10ರ 150, ಸಿ20ರ 150ಕ್ಕಿಂತ ದೊಡ್ಡದು. ಟಾಲ್ ಟ್ಯೂಬ್ಯುಲರ್ ಎಂಬ ಎತ್ತರದ ಬ್ಯಾಟರಿಯ ಚಿತ್ರ ಹಾಕಿ ಶಾರ್ಟ್ ಟ್ಯೂಬ್ಯುಲರ್ ಕಳಿಸುವುದನ್ನು ತೂಕದಿಂದ ಹಿಡಿಯಬಹುದು. ಆಸಿಡ್ ತುಂಬಿದ 150 ಎಎಚ್ ಟಾಲ್ ಟ್ಯೂಬ್ಯುಲರ್ 50 ಕಿಲೋ ಮೀರುತ್ತದೆ, ಇಬ್ಬರು ಎತ್ತಬೇಕು. ನಿಮ್ಮ ಮಾದರಿಯ ನಿಖರ ತೂಕ ಕಂಪನಿಯ ತಾಣದಲ್ಲಿರುತ್ತದೆ.

ಹೊಂದಾಣಿಕೆಯೂ ಮುಖ್ಯ. 12 ವೋಲ್ಟಿನ ಇನ್ವರ್ಟರಿಗೆ ಒಂದು ಬ್ಯಾಟರಿ, 24 ವೋಲ್ಟಿನದಕ್ಕೆ ಎರಡು. ಚಾರ್ಜಿಂಗ್ ಕರೆಂಟ್ ಎಎಚ್‌ನ ಹತ್ತನೇ ಒಂದು ಭಾಗದ ಆಸುಪಾಸು ಇರಬೇಕೆಂಬುದು ರೂಢಿಯ ಲೆಕ್ಕ, 150ಕ್ಕೆ 15 ಆಂಪಿಯರ್. ‘ಅದೇ ಬೆಲೆಗೆ 220 ಎಎಚ್’ ಎಂದು ದೊಡ್ಡ ಬ್ಯಾಟರಿಯನ್ನು 10 ಆಂಪಿಯರಿನ ಸಣ್ಣ ಇನ್ವರ್ಟರಿಗೆ ಕಟ್ಟಿದರೆ ಖಾಲಿಯಾದ ಮೇಲೆ ತುಂಬಲು ಒಂದು ಹಗಲು ಒಂದು ರಾತ್ರಿ ಸಾಲದು. ಪದೇಪದೇ ಕರೆಂಟ್ ಹೋಗುವ ಬೇಸಿಗೆಯಲ್ಲಿ ಅದು ಎಂದೂ ಪೂರ್ತಿ ತುಂಬುವುದಿಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಬೇಗ ಸಾಯುತ್ತದೆ. ಇದೂ ಒಂದು ಬಗೆಯ ಬಾಚಣಿಗೆಯೇ, ಕೊಂಚ ಭಾರ ಅಷ್ಟೆ. ಜೊತೆಗೆ ಬರುವ ವೈರ್ ತೆಳ್ಳಗಿದ್ದರೆ ಒಪ್ಪಬೇಡಿ. 900 ವಿಎ (ವೋಲ್ಟ್–ಆಂಪಿಯರ್, ಇನ್ವರ್ಟರಿನ ಸಾಮರ್ಥ್ಯದ ಅಳತೆ) ಇನ್ವರ್ಟರ್ ಪೂರ್ತಿ ಲೋಡಿನಲ್ಲಿ ಬ್ಯಾಟರಿಯಿಂದ ಸುಮಾರು 70 ಆಂಪಿಯರ್ ಎಳೆಯುತ್ತದೆ.

ವಾರಂಟಿಯನ್ನು ‘60 ತಿಂಗಳು’ ಎಂದು ಒಂದೇ ಅಂಕಿಯಲ್ಲಿ ತೋರಿಸುತ್ತಾರೆ. ಅದರೊಳಗೆ ‘36+24’ ಎಂಬಂಥ ವಿಂಗಡಣೆಯಿರುತ್ತದೆ: ಮೊದಲ ಭಾಗದಲ್ಲಿ ಪುಕ್ಕಟೆ ಬದಲಿ, ಎರಡನೇ ಭಾಗದಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದಷ್ಟು ರಿಯಾಯಿತಿ ಮಾತ್ರ. ಕಾಂಬೊಗಳನ್ನು ಹೋಲಿಸುವಾಗ ಮೊದಲ ಅಂಕಿಯನ್ನೇ ನೋಡಿ. ಇನ್ವರ್ಟರಿನ ವಾರಂಟಿ ಬೇರೆ, ಹೆಚ್ಚಾಗಿ ಕಡಿಮೆ. ಬಿಲ್ಲಿನಲ್ಲಿ ‘ಇನ್ವರ್ಟರ್ ಕಾಂಬೊ – 1’ ಎಂಬ ಒಂದೇ ಸಾಲು ಬಂದರೆ ಎರಡು ವರ್ಷ ಬಿಟ್ಟು ಸರ್ವಿಸ್ ಸೆಂಟರಿನಲ್ಲಿ ತೊಡಕಾಗುತ್ತದೆ. ಎರಡರ ಮಾದರಿ ಮತ್ತು ಸೀರಿಯಲ್ ಸಂಖ್ಯೆ ಬಿಲ್ಲಿನಲ್ಲಿ ಇರಲಿ. ಇಲ್ಲದಿದ್ದರೆ ರಿಟರ್ನ್ ಅವಧಿ ಮುಗಿಯುವ ಮುನ್ನವೇ ತಿದ್ದಿದ ಬಿಲ್ ಕೇಳಿ, ಕಂಪನಿಯ ತಾಣದಲ್ಲಿ ವಾರಂಟಿ ನೋಂದಾಯಿಸಿ ಅದು ಒಪ್ಪಿಗೆಯಾಯಿತೇ ನೋಡಿ. ಆ ಮಾರಾಟಗಾರ ಅಧಿಕೃತನಲ್ಲದಿದ್ದರೆ ನಿಮಗೆ ಅಲ್ಲಿಯೇ ಗೊತ್ತಾಗುತ್ತದೆ.

ಡೆಲಿವರಿಯ ದಿನ ಎರಡು ಪೆಟ್ಟಿಗೆಯೂ ಬಂದಿವೆಯೇ ನೋಡದೆ ಓಟಿಪಿ ಹೇಳಬೇಡಿ. ಬ್ಯಾಟರಿ ಮಗ್ಗುಲಾಗಿ ಬಂದಿದ್ದರೆ, ಪೆಟ್ಟಿಗೆಯ ತಳ ಒದ್ದೆಯಾಗಿದ್ದರೆ ಆಸಿಡ್ ಸೋರಿದೆ ಎಂದರ್ಥ, ಮುಟ್ಟದೆ ಅಲ್ಲೇ ವಾಪಸ್ ಕಳಿಸಿ. ಮೇಲ್ಭಾಗದಲ್ಲಿ ಒತ್ತಿದ ತಯಾರಿಕೆ ಸಂಕೇತದಲ್ಲಿ ತಿಂಗಳು–ವರ್ಷ ಇರುತ್ತದೆ, ಅದನ್ನು ಓದುವ ಬಗೆ ಕಂಪನಿಯ ಸಹಾಯವಾಣಿಯಲ್ಲಿ ಕೇಳಿ ಮೊದಲೇ ತಿಳಿದಿಟ್ಟುಕೊಳ್ಳಿ. ಮೂರು ತಿಂಗಳಿಗಿಂತ ಹಳೆಯದಾದರೆ ಬದಲಿ ಕೇಳುವುದು ಒಳ್ಳೆಯದು, ಸುಮ್ಮನಿಟ್ಟ ಬ್ಯಾಟರಿ ತಾನಾಗಿ ಖಾಲಿಯಾಗುತ್ತಿರುತ್ತದೆ. ಅಳವಡಿಸಲು ಬಂದವರ ಕೈಯಲ್ಲಿ ಮಲ್ಟಿಮೀಟರ್ ಇರುತ್ತದೆ. ಜೋಡಿಸುವ ಮುನ್ನ ವೋಲ್ಟೇಜ್ ತೋರಿಸಲು ಹೇಳಿ. 12.6 ಅಥವಾ ಹೆಚ್ಚಿದ್ದರೆ ಸರಿ, 12.4ಕ್ಕಿಂತ ಕಡಿಮೆಯಿದ್ದರೆ ಮೀಟರಿನ ಫೋಟೊ ತೆಗೆದು, ಅಳವಡಿಸದೆಯೇ ದೂರು ದಾಖಲಿಸಿ. ಒಮ್ಮೆ ಜೋಡಿಸಿದ ಮೇಲೆ ಅದು ‘ಬಳಸಿದ ವಸ್ತು’ ಎಂದು ರಿಟರ್ನ್ ತಡೆಯುವವರೇ ಹೆಚ್ಚು.